ಚಿಕ್ಕದಾಗಿ ಸಾಯುವ ವಿದ್ಯೆ

ಪರಿಯಾವಾಂಕದ ಇಳಿಜಾರಿನಿಂದ
ಲಾರಿಯವನ ಕೈಯಲ್ಲಿ, ಬಿಸ್ಕತ್ತಿನ ಡಬ್ಬಿಯೊಳಗೆ,
ಎವುಸೇಬಿಯಾ ಅತ್ತೆ ಎರಡು ಎಲೆ ಕಳಿಸಿದ್ದಾಳೆ.
ಒಂದು ಕೊಳೆತು, ಕರಿಯ ತೊಗಲಿನಂತೆ ಜೋತಿದೆ.
ಇನ್ನೊಂದು ಹಸಿರೇ; ನಡುನಡುವೆ
ಒಗ್ಗರಣೆಯ ಸಾಸಿವೆ ಸಿಡಿದಂತೆ
ಐದಾರು ಒಣ ಚುಕ್ಕೆ.

ಜೊತೆಗೊಂದು ಚೀಟಿ:
'ದೆಲ್ಫಿ, ಎರಡಕ್ಕೂ ರಾಂಚಾ ಬಡಿದದ್ದು ಒಂದೇ ಇರುಳು.
ಒಂದು ಯಾಕೆ ಹೋಯಿತು, ಒಂದು ಯಾಕೆ ಉಳಿಯಿತು?
ನಿನಗೆ ಸಂಬಳ ಕೊಡುವುದು ಇದಕ್ಕೇ ತಾನೆ?'

ರಾಂಚಾ ಅಂದರೆ ಆಲೂಗಡ್ಡೆಯ ಅಂಗಮಾರಿ.
ಮಂಜಿನ ಜೊತೆ ಬೆಟ್ಟ ಹತ್ತಿ ಬರುತ್ತದೆ,
ನಾಯಿ ಕೂಡ ಬೊಗಳುವುದಿಲ್ಲ.

ವಾಂಕಾಯೋದ ಲ್ಯಾಬಿನಲ್ಲಿ ನನ್ನದು ರಾತ್ರಿ ಪಾಳಿ.
ಹಸಿರೆಲೆಯ ಮೇಲೆ ರೋಗದ ಒಂದು ಹನಿ ಇಟ್ಟೆ.
ಕಾದೆ. ತಲೆನೋವಿಗೆ ಆಸ್ಪಿರಿನ್ ನುಂಗಿದೆ.
ಎರಡನೆಯ ಇರುಳು ಸೂಕ್ಷ್ಮದರ್ಶಕದ ನೀಲಿ ದೀಪ ಹಾಕಿದರೆ
ಹಸಿರು ಕಣಗಳೆಲ್ಲ ಕೆಂಪು!
ಕ್ಲೋರೋಪ್ಲಾಸ್ಟ್‌ಗಳು ಹಾಗೆಯೇ,
ನೀಲಿ ಬೆಳಕಿನಲ್ಲಿ ಬೂದಿ ಕೆದಕಿದ ಕೆಂಡ.

ಹಗಲೆಲ್ಲ ಬಿಸಿಲನ್ನು ಅಟ್ಟು
ಸಕ್ಕರೆ ಬಡಿಸುವ ಅಡುಗೆಯವರು ಇವರು.
ಇವತ್ತು ಒಲೆ ತಗ್ಗಿಸಿ ಎದ್ದಿದ್ದಾರೆ.
ಗೋಡೆ ಕೊರೆದು ಒಳಗೆ ಚಾಚಿದ
ಕಳ್ಳನ ಒಂದೇ ಒಂದು ಬೆರಳು,
ಅದರ ಸುತ್ತ ನೆರೆದಿದ್ದಾರೆ.
ಒಬ್ಬ ಮೈಯಿಂದಲೇ ನೂಲಿನಷ್ಟು ಸಣ್ಣ ತೋಳು ಹಿರಿದು
ಕೋಶದ ನಡುಮನೆಯ ಕದ ತಟ್ಟುತ್ತಾನೆ.
ಅನ್ನ ಬೇಯಿಸಿದ ಬೆಂಕಿಯೇ ಈಗ ವಿಷದ ಕಿಡಿ.
ನನ್ನ ಆಸ್ಪಿರಿನ್ನಿನ ದಾಯಾದಿಯೊಂದು
ಅದೇ ಅಡುಗೆಮನೆಯಲ್ಲಿ ಮೊದಲ ಕುದಿ ಕಂಡು
ಪಕ್ಕದೆಲೆಗಳಿಗೆ ಸುದ್ದಿ ಮುಟ್ಟಿಸುತ್ತದೆ:
ಮಲಗಬೇಡಿ, ಮಲಗಬೇಡಿ.

ಕಳ್ಳನೂ ದಡ್ಡನಲ್ಲ. ಅವನಿಗೂ ಗೊತ್ತು
ಮೊದಲು ಕೆಡಿಸಬೇಕಾದದ್ದು ಅಡುಗೆಮನೆ ಎಂದು.
ಸುಳ್ಳು ಓಲೆ ಕಳಿಸುತ್ತಾನೆ.
ಕೊಳೆತ ಎಲೆಯಲ್ಲಿ, ಬಹುಶಃ, ಅದನ್ನು ನಂಬಿದರು.

ಬೆಳಗಿನ ಜಾವ ಆ ಒಂದು ಕೋಶ
ತನ್ನನ್ನು ತಾನೇ ಸುಟ್ಟುಕೊಂಡಿತು,
ಬೆರಳು ಚಾಚಿದವನ ಸಮೇತ.
ಸುತ್ತ ನಾಲ್ಕು ಕೋಶ. ಅಷ್ಟೇ.
ಒಂದು ಸಾಸಿವೆ.

ಅತ್ತೆಗೆ ಫೋನು ಮಾಡಿದೆ. ಹೇಳಿದೆ:
ಆ ಹಸಿರು ಕಣವೂ ಒಂದಾನೊಂದು ಕಾಲಕ್ಕೆ
ನೀರಲ್ಲಿ ಅಲೆಯುತ್ತಿದ್ದ ಪರದೇಶಿ ಕ್ರಿಮಿ.
ಯಾರೋ ನುಂಗಿದರು, ಅರಗಿಸಿಕೊಳ್ಳಲಿಲ್ಲ.
ಅದೂ ಉಂಡ ಮನೆಯ ಜಂತೆ ಎಣಿಸಲಿಲ್ಲ.
ಕ್ರಿಮಿಯ ವಿರುದ್ಧ ಈಗ ಅದೇ ಕಾವಲು.
ಆಮೇಲೆ, ತಡೆಯಲಾರದೆ, ಅಂದೆ:
ನಿನ್ನ ಹಾಗೆ, ಅತ್ತೆ.
ಎಂಬತ್ನಾಲ್ಕರಲ್ಲಿ ಆಯಾಕುಚೊದಿಂದ
ಕಂಬಳಿಯೊಂದು ಹೊದ್ದು, ಕಾಗದಪತ್ರ ಇಲ್ಲದೆ ಬಂದೆ,
ಆ ಊರು ಮೂಲೆ ಕೊಟ್ಟಿತು,
ಇರುಳಿನ ಗಸ್ತಿನಲ್ಲಿ ಸೀಟಿ ಊದಿದವಳು ನೀನೇ.

'ನನ್ನನ್ನು ಎಲೆಗೆಲ್ಲ ಹೋಲಿಸಬೇಡ,' ಅಂದಳು.
'ಗಸ್ತಿಗೆ ಹೋಗದಿದ್ದರೆ ಎರಡು ಕುರಿ ದಂಡ.
ಅದಕ್ಕೆ ಹೋದೆ.'

ತಂತಿಯಲ್ಲಿ ಗಾಳಿ. ಅವಳ ಕೋಳಿ.
ಬಹಳ ಹೊತ್ತಿನ ಮೇಲೆ ಕೇಳಿದಳು:
'ಆ ಮನೆ ಸುಟ್ಟುಕೊಂಡಾಗ
ಒಳಗಿದ್ದ ಹಸಿರು ಕಣ ಏನಾಯಿತು?'

ಅದೂ ಸತ್ತಿತು, ಅತ್ತೆ.

'ಹೂಂ.'

ಮತ್ತೆ, ಯಾರಿಗೋ ಲೆಕ್ಕ ಒಪ್ಪಿಸುವವಳಂತೆ:
'ನನ್ನ ಜೊತೆ ಗಸ್ತಿಗೆ ಬರುತ್ತಿದ್ದ ತೆಯೋಫೀಲೊ
ಕಟ್ಟೆಯ ಹತ್ತಿರ ಸತ್ತ. ಊರು ಉಳಿಯಿತು.
ಅದು ಚಿಕ್ಕ ಸಾವು ಅಂತ ಅವನ ತಾಯಿಗೆ
ಯಾರೂ ಹೇಳಲಿಲ್ಲ.'

ನನ್ನ ಬಳಿ ಉತ್ತರವಿರಲಿಲ್ಲ.
ಗಾಜಿನ ಕೆಳಗೆ ಆ ಚುಕ್ಕೆ
ಇನ್ನೂ ಸ್ವಲ್ಪ ಕಂದಾಗುತ್ತಿತ್ತು.

'ಇರಲಿ,' ಅಂದಳು, 'ಆ ಗಿಡಕ್ಕೆ
ಕೆಂಪು ಉಣ್ಣೆಯ ದಾರ ಕಟ್ಟಿದ್ದೇನೆ.
ಅದರ ಗೆಡ್ಡೆ ತಿನ್ನುವುದಿಲ್ಲ, ಬಿತ್ತನೆಗೆ.
ಆ ಬಿಸ್ಕತ್ತಿನ ಡಬ್ಬಿ
ಮರೆಯದೆ ವಾಪಸು ಕಳಿಸು.'